ಗೋಡೆ ಕೊರೆಯುವ ಮುಂಚೆ ಟೀವಿ ಕೇಬಲ್ ನೋಡಿ

ಅಮೆರಿಕದಲ್ಲಿ ಹಳೆ ಮನೆ ತಗೊಂಡವರಿಗೆ ಒಂದು ಸಲಹೆ. ಮೇಲಿನ ರೂಮಿಗೆ ವೈಫೈ ಸರಿಯಾಗಿ ಸಿಗ್ತಿಲ್ಲ ಅಂತ ಸುಮ್ನೆ ಗೋಡೆ ಕೊರೆಸಬೇಡಿ. ಮೂಲೆಯಲ್ಲಿ ಟೀವಿ ಕೇಬಲ್ ಸಿಕ್ಕಿಸುವ ಜಾಗ ಇದೆಯಾ ನೋಡಿ. ಇದ್ದರೆ ಅರ್ಧ ಕೆಲಸ ಆದ ಹಾಗೆ.

ಆ ಟೀವಿ ಕೇಬಲ್ಲಿನಲ್ಲೇ ಇಂಟರ್ನೆಟ್ ಹರಿಸುವ ಮೋಕಾ (MoCA) 2.5 ಅಡಾಪ್ಟರ್ ಎರಡು ಬೇಕು. ಒಂದು ರೌಟರ್ ಪಕ್ಕ, ಇನ್ನೊಂದು ಮೇಲಿನ ರೂಮಿನಲ್ಲಿ. ಗೋಡೆಯ ಕೇಬಲ್ ಒಂದು ಕಡೆ, ಈಥರ್ನೆಟ್ ಇನ್ನೊಂದು ಕಡೆ, ಅಷ್ಟೇ.

ಹೆಚ್ಚಾಗಿ ಕೈ ಕೊಡುವುದು ಸ್ಪ್ಲಿಟರ್, ಅಂದರೆ ಒಂದು ಕೇಬಲನ್ನು ಹಲವು ರೂಮಿಗೆ ಕವಲು ಮಾಡುವ ಡಬ್ಬಿ. ನಮ್ಮ ಮನೆಯಲ್ಲಿ ಮೂರು ದಿನ ಲಿಂಕ್ ಬರ್ತಿತ್ತು, ಹೋಗ್ತಿತ್ತು. ಬೇಸ್‌ಮೆಂಟಿನಲ್ಲಿ ಟಾರ್ಚ್ ಹಿಡಿದು, ಧೂಳು ಒರೆಸಿ ನೋಡಿದರೆ ಸ್ಪ್ಲಿಟರ್ ಮೇಲೆ '5–1000 ಮೆಗಾಹರ್ಟ್ಸ್' ಅಂತ ಇತ್ತು. ಮೋಕಾ ಓಡುವುದೇ 1125ರಿಂದ 1675ರ ನಡುವೆ! 1675ರವರೆಗೆ ಬಿಡುವ ಹೊಸದನ್ನು ಹಾಕಿದೆ, ಅವತ್ತೇ ಸರಿಹೋಯಿತು. ಖಾಲಿ ಉಳಿದ ತೂತುಗಳಿಗೆ 75 ಓಮ್ ಮುಚ್ಚಳ ತಿರುಗಿಸಿ. ಕನೆಕ್ಟರ್‌ಗಳನ್ನೂ ಒಮ್ಮೆ ಬಿಗಿ ಮಾಡಿ, ಎಷ್ಟೋ ಕಡೆ ಸಡಿಲ ಆಗಿರುತ್ತವೆ.

ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ ಒಂದು ಮೋಕಾ ಫಿಲ್ಟರ್ ಹಾಕುವುದನ್ನು ಮಾತ್ರ ಮರೆಯಬೇಡಿ. ಬೆರಳುದ್ದದ ಸಣ್ಣ ಕೊಳವೆ ಅದು. ಅದಿಲ್ಲದಿದ್ದರೆ ನಿಮ್ಮ ಸಿಗ್ನಲ್ ಪಕ್ಕದ ಮನೆಗೂ ಹೋಗಬಹುದು.

ಊರಿನಲ್ಲಿರುವವರು ಡಿಶ್ ಕೇಬಲ್ಲಿನಲ್ಲಿ ಇದನ್ನು ಮಾಡಲು ಹೋಗಬೇಡಿ. ಡಿಶ್ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ, ಎರಡೂ ಡಿಕ್ಕಿ ಹೊಡೆಯುತ್ತವೆ. ಡಿಶ್ ತೆಗೆಸಿ ಕೇಬಲ್ ಖಾಲಿ ಬಿದ್ದಿದ್ದರೆ ಧಾರಾಳವಾಗಿ ಬಳಸಿ.