ಕುಶನ್ ಕೆಲಸಕ್ಕೆ ಬ್ಯಾಟರಿ ಗನ್ ಬೇಕಾ? ನಾನು ಪಿನ್ ಎಣಿಸಿ ನೋಡಿದ್ದು

ಹೋದ ಮಳೆಗಾಲದಲ್ಲಿ ಹೊಸನಗರದ ಹತ್ತಿರ ಒಂದು ತೋಟದ ಮನೆಗೆ ಕೆಲಸಕ್ಕೆ ಹೋಗಿದ್ದೆ. ಎಂಟು ಡೈನಿಂಗ್ ಕುರ್ಚಿ. ಸೀಟಿನ ರೆಕ್ಸಿನ್ ಹರಿದು, ಒಳಗಿನ ಫೋಮ್ ಪುಡಿಪುಡಿಯಾಗಿತ್ತು. ಕಂಪ್ರೆಸರ್, ಏರ್ ಗನ್ (ಬಟ್ಟೆಯನ್ನು ಮರಕ್ಕೆ ಸ್ಟೇಪ್ಲರ್ ಪಿನ್ ಹೊಡೆದು ಕೂರಿಸುವ, ಗಾಳಿಯ ಒತ್ತಡದ ಗನ್), ಪೈಪು, ಫೋಮು ಎಲ್ಲವನ್ನೂ ಬಾಡಿಗೆ ಓಮ್ನಿಯಲ್ಲಿ ಹೇರಿಕೊಂಡು ಶಿವಮೊಗ್ಗದಿಂದ ಹೋದೆ. ಎರಡು ಸೀಟು ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು. ಮಲೆನಾಡಿನ ಮಳೆ, ಎಲ್ಲೋ ಲೈನಿನ ಮೇಲೆ ಮರ ಬಿದ್ದಿರುತ್ತದೆ. ಮತ್ತೆ ಯಾವಾಗ ಬರುತ್ತದೋ ಯಾರೂ ಹೇಳುವ ಹಾಗಿಲ್ಲ. ಮನೆಯಲ್ಲಿ ಯುಪಿಎಸ್ ಇತ್ತು, ಆದರೆ ಅದು ಲೈಟು, ಫ್ಯಾನಿಗೆ ಅಷ್ಟೇ. ಕಂಪ್ರೆಸರ್ ಮೋಟರ್ ಶುರುವಾಗುವಾಗ ಎಳೆಯುವ ಕರೆಂಟನ್ನು ಅದು ತಡೆಯುವುದಿಲ್ಲ. ಟ್ಯಾಂಕಿನಲ್ಲಿ ಉಳಿದಿದ್ದ ಗಾಳಿಯಲ್ಲಿ ಇನ್ನೊಂದು ಸೀಟು ಅರ್ಧ ಆಯಿತು. ಉಳಿದದ್ದನ್ನೆಲ್ಲ ಕೈ ಗನ್ನಿನಲ್ಲಿ, ಪ್ರತಿ ಪಿನ್ನಿಗೂ ಹಿಡಿ ಅದುಮಿ ಹೊಡೆದೆ. ರಾತ್ರಿ ಮನೆಗೆ ಬಂದಾಗ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಅನ್ನ ಕಲಸುವುದಕ್ಕೂ ಆಗಲಿಲ್ಲ.

ಹದಿನಾರು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ನನಗೆ ಕೆಲಸ ಕಲಿಸಿದ ಉಸ್ತಾದರು ಗನ್ ಮುಟ್ಟಿದವರೇ ಅಲ್ಲ. ಸಣ್ಣ ಮೊಳೆಗಳನ್ನು ಬಾಯಲ್ಲಿ ಇಟ್ಟುಕೊಂಡು, ನಾಲಿಗೆಯಲ್ಲಿ ಒಂದೊಂದನ್ನೇ ತುಟಿಗೆ ತಂದು, ಆಯಸ್ಕಾಂತದ ಸುತ್ತಿಗೆಯ ತುದಿಗೆ ಹಿಡಿಸಿ ಹೊಡೆಯುತ್ತಿದ್ದರು. ಎಡಗೈ ಬಟ್ಟೆಯನ್ನು ಬಿಡುತ್ತಲೇ ಇರಲಿಲ್ಲ. ಆ ಎಡಗೈಯ ವಿಷಯ ಮುಂದೆ ಬರುತ್ತದೆ, ಅದಕ್ಕೇ ಹೇಳಿದೆ.

ಊದಿದ ಕೈ ಇಳಿಯುವ ಮೊದಲೇ ಬ್ಯಾಟರಿ ಗನ್ ತಗೊಳ್ಳೋಣ ಅನ್ನಿಸಿತು. ಆದರೆ ನೋವಿನಲ್ಲಿ ದುಡ್ಡು ಖರ್ಚು ಮಾಡಬಾರದು ಅಂತ ತಡೆದುಕೊಂಡೆ. ಮೊದಲು ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದೆ. ಎಷ್ಟು ದಿನ ಅಂಗಡಿಯಲ್ಲಿ ಕೆಲಸ, ಎಷ್ಟು ದಿನ ಹೊರಗೆ, ಏನು ಕೆಲಸ, ಯಾವ ಮರ, ಎಷ್ಟು ಪಿನ್. ಇಪ್ಪತ್ತಾರು ದಿನದ ಕೆಲಸದಲ್ಲಿ ಒಂಬತ್ತು ದಿನ ಗಿರಾಕಿಗಳ ಮನೆಯಲ್ಲಿ. ಆ ಒಂಬತ್ತರಲ್ಲಿ ಆರು ದಿನ ಕುರ್ಚಿ ಸೀಟು, ಮಂಚದ ತಲೆಕಡೆಯ ಪ್ಯಾಡು, ಇಂಥ ಸಣ್ಣ ಕೆಲಸ. ಉಳಿದ ಮೂರು ದಿನ ಸೋಫಾ. ಒಂದು ಡೈನಿಂಗ್ ಸೀಟಿಗೆ ಸುತ್ತಲೂ ಅರವತ್ತು ಚಿಲ್ಲರೆ ಪಿನ್ ಬೀಳುತ್ತದೆ, ಅಡಿಯ ಕಪ್ಪು ಬಟ್ಟೆಗೆ ಇನ್ನೊಂದು ಇಪ್ಪತ್ತು. ಆರು ಕುರ್ಚಿ ಎಂದರೆ ಸುಮಾರು ಐನೂರು. ಸೋಫಾಗೆ ಇದರ ಎರಡು ಮೂರು ಪಟ್ಟು ಹೋಗುತ್ತದೆ, ಅದೂ ಗಟ್ಟಿ ಮರಕ್ಕೆ.

ಬರೆದಿಟ್ಟಿದ್ದರಿಂದ ಇನ್ನೊಂದು ವಿಷಯವೂ ಗೊತ್ತಾಯಿತು. ಕುರ್ಚಿ ಕೆಲಸದಲ್ಲಿ ಪಿನ್ ಹೊಡೆಯುವ ಹೊತ್ತು ಬಹಳ ಕಡಿಮೆ. ಹಳೆ ಪಿನ್ ಕೀಳುವುದು, ಫೋಮ್ ಕತ್ತರಿಸುವುದು, ಮೂಲೆ ಮಡಚುವುದು, ಬಟ್ಟೆ ಎಳೆದು ಹಿಡಿಯುವುದು, ಇವಕ್ಕೇ ಹೊತ್ತು ಹೋಗುತ್ತದೆ. ಹಾಗಾಗಿ ಬ್ಯಾಟರಿ ಗನ್ ಏರ್ ಗನ್ನಿಗಿಂತ ನಿಧಾನ ಎಂಬ ಮಾತು ನನಗೆ ದೊಡ್ಡದಾಗಿ ಕಾಣಲಿಲ್ಲ. ನಿಮಿಷಕ್ಕೆ ಮೂವತ್ತು ಪಿನ್ ಹೊಡೆದರೂ ಸಾಕು, ಅಷ್ಟು ಬೇಗ ನನ್ನ ಬೆರಳು ಬಟ್ಟೆ ಎಳೆಯುವುದಿಲ್ಲ.

ಮದುವೆ ಮಂಟಪ ಕಟ್ಟುವ ಗೆಳೆಯನೊಬ್ಬನ ಹತ್ತಿರ 3.6 ವೋಲ್ಟಿನ ಸಣ್ಣ ಬ್ಯಾಟರಿ ಗನ್ ಇತ್ತು. ಪರದೆ, ಬಟ್ಟೆ ಹೊಡೆಯಲು ಇಟ್ಟುಕೊಂಡಿದ್ದ. ನಾಲ್ಕು ದಿನಕ್ಕೆ ಕೇಳಿ ತಂದೆ. ಅಂಗಡಿಯಲ್ಲಿ ಬಿದ್ದಿದ್ದ ಮರದ ತುಂಡುಗಳನ್ನು ಸಾಲಾಗಿ ಜೋಡಿಸಿದೆ. 12 ಮಿ.ಮೀ. ಪ್ಲೈವುಡ್, ಸಿಲ್ವರ್ ಓಕ್, ಹಳೆ ಮನೆಯ ಸಾಗುವಾನಿ, ಮತ್ತೆ ಬಹಳ ಗಟ್ಟಿಯಾದ ಮತ್ತಿ ಮರ. ಪ್ರತಿಯೊಂದರ ಮೇಲೂ ರೆಕ್ಸಿನ್ ಎರಡು ಮಡಿಕೆ ಮಾಡಿ ಇಟ್ಟು ಇಪ್ಪತ್ತಿಪ್ಪತ್ತು ಪಿನ್ ಹೊಡೆದೆ.

ಪ್ಲೈವುಡ್, ಸಿಲ್ವರ್ ಓಕ್ ಎರಡರಲ್ಲೂ 8 ಮಿ.ಮೀ. ಪಿನ್ ಇಪ್ಪತ್ತಕ್ಕೆ ಇಪ್ಪತ್ತೂ ಸರಿಯಾಗಿ ಕೂತವು. ಕೈ ಸವರಿದರೆ ಪಿನ್ನಿನ ಬೆನ್ನು ರೆಕ್ಸಿನ್ನಿಗೆ ಸಮವಾಗಿ ಸಿಗುತ್ತಿತ್ತು. ಸಾಗುವಾನಿಯಲ್ಲಿ 10 ಮಿ.ಮೀ. ಹಾಕಿದೆ, ಏಳು ಪಿನ್ ಎದ್ದು ನಿಂತವು. 8ಕ್ಕೆ ಇಳಿಸಿದೆ, ಎರಡೇ ಎದ್ದವು. ಮತ್ತಿ ಮರದಲ್ಲಿ ಕಥೆಯೇ ಬೇರೆ. ಮೊದಲ ಪಿನ್ ಹೊಡೆದ ಕೂಡಲೇ ಗನ್ ಕೈಯಲ್ಲಿ ಹಿಂದಕ್ಕೆ ಒದೆಯಿತು. ನೋಡಿದರೆ ಪಿನ್ನಿನ ಒಂದು ಕಾಲು ಎರಡು ಮಿಲಿಮೀಟರ್ ಒಳಗೆ ಹೋಗಿ ನಿಂತಿದೆ. ಇನ್ನೊಂದು ಕಾಲು ಮರಕ್ಕೆ ಇಳಿಯದೆ ರೆಕ್ಸಿನ್ನಿನ ಕೆಳಗೆ ಅಡ್ಡಕ್ಕೆ ಮಡಚಿ ಮಲಗಿದೆ. ಇಕ್ಕಳದಲ್ಲಿ ಕಿತ್ತಾಗ ರೆಕ್ಸಿನ್ ಸೀಳಿ ಬಂತು. ಅಲ್ಲಿಯೇ ಗೊತ್ತಾಯಿತು, ಈ ಗನ್ನಿನಲ್ಲಿ ಮತ್ತಿ ಸೋಫಾ ಮುಟ್ಟುವ ಹಾಗಿಲ್ಲ. 6 ಮಿ.ಮೀ. ಪಿನ್ ಹಾಕಿ, ಎಡ ಅಂಗೈಯಿಂದ ಗನ್ನಿನ ತಲೆಯನ್ನು ಒತ್ತಿ ಹಿಡಿದರೂ ಅರ್ಧಕ್ಕರ್ಧ ಪಿನ್ನಿಗೆ ಸುತ್ತಿಗೆ ಬೇಕಾಯಿತು.

ಇದಕ್ಕೆ ಕಾರಣ ಇದೆ. ಸಣ್ಣ ಬ್ಯಾಟರಿ ಗನ್ನಿನಲ್ಲಿ ಪಿನ್ನಿಗೆ ಹೊಡೆಯುವುದು ಒಂದು ಸ್ಪ್ರಿಂಗ್. ಮೋಟರ್ ಆ ಸ್ಪ್ರಿಂಗನ್ನು ಎಳೆದು ಬಿಡುತ್ತದೆ, ಅಷ್ಟೇ. ಕೈ ಗನ್ನಿನಲ್ಲಿ ಆ ಎಳೆಯುವ ಕೆಲಸ ನಮ್ಮ ಕೈಯದು. ಅಂದರೆ ಬ್ಯಾಟರಿ ಗನ್ ನಮ್ಮ ಆಯಾಸ ಕಡಿಮೆ ಮಾಡುತ್ತದೆ, ಆದರೆ ಹೊಡೆತದ ಜೋರು ಹೆಚ್ಚಾಗುವುದಿಲ್ಲ. ಏರ್ ಗನ್ನಿನಲ್ಲಿ ಗಾಳಿ ಪಿಸ್ಟನ್ನನ್ನು ತಳ್ಳುತ್ತದೆ, ಮರ ಗಟ್ಟಿ ಅನ್ನಿಸಿದರೆ ಒತ್ತಡ ಸ್ವಲ್ಪ ಏರಿಸಿಕೊಳ್ಳಬಹುದು. ಗೆಳೆಯನ ಗನ್ನಿನ ಸ್ಪ್ರಿಂಗಿಗೆ ಆ ಅವಕಾಶ ಇರಲಿಲ್ಲ.

ಹಾಗಾದರೆ ಲಾಭ ಎಲ್ಲಿ? ಎಡಗೈಯಲ್ಲಿ. ಕೈ ಗನ್ನಿನ ಹಿಡಿಯನ್ನು ಹಿಂದುಗಡೆ ಒತ್ತಿದಾಗ ಮುಂದಿನ ಮೂತಿ ತುಸು ಏಳುತ್ತದೆ. ಅದನ್ನು ಅದುಮಲು ಎಡಗೈ ಬರಲೇಬೇಕು. ಆಗ ಎಳೆದು ಹಿಡಿದಿದ್ದ ಬಟ್ಟೆ ಒಂದು ಕೂದಲೆಳೆಯಷ್ಟು ಸಡಿಲವಾಗುತ್ತದೆ. ಒಂದು ಸೀಟಿಗೆ ಅರವತ್ತು ಸಲ ಹಾಗಾದರೆ ಮೂಲೆಯಲ್ಲಿ ಸುಕ್ಕು ಬಂದೇ ಬರುತ್ತದೆ. ಬ್ಯಾಟರಿ ಗನ್ನಿಗೆ ಒಂದು ಬೆರಳು ಸಾಕು. ಪ್ಲೈವುಡ್ ಸೀಟಿನಲ್ಲಿ ಎಡಗೈ ಪೂರ್ತಿ ಬಟ್ಟೆಯ ಮೇಲೇ ಇರುತ್ತದೆ. ಗೆಳೆಯನ ಗನ್ನಿನಲ್ಲಿ ಮಾಡಿದ ಮೊದಲ ಸೀಟಿನ ಮುಂದಿನ ಎರಡು ಮೂಲೆ ಎಷ್ಟು ನೀಟಾಗಿ ಬಂದವೆಂದರೆ, ಉಸ್ತಾದರ ಕೆಲಸ ನೆನಪಾಯಿತು.

ಇನ್ನೊಂದು ತೊಂದರೆ ಪಿನ್ನಿನದು, ಅದನ್ನು ಕೊಳ್ಳುವ ಮೊದಲು ಯಾರೂ ಹೇಳುವುದಿಲ್ಲ. ನಮ್ಮ ಏರ್ ಗನ್ನಿಗೆ ಹಾಕುವುದು 80 ಸೀರೀಸ್ ಪಿನ್, ಅಗಲ ಸುಮಾರು 12.8 ಮಿ.ಮೀ. ಶಿವಮೊಗ್ಗದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ. ಆ ಸಣ್ಣ ಗನ್ನಿಗೆ ಬೇಕಾದದ್ದು 53 ನಂಬರಿನ ಪಿನ್, ಅಗಲ 11.4. ಒಂದರ ಪಿನ್ ಇನ್ನೊಂದಕ್ಕೆ ಕೂರುವುದಿಲ್ಲ. ಗಾಂಧಿ ಬಜಾರಿನಲ್ಲಿ ನಾಲ್ಕು ಅಂಗಡಿ ತಿರುಗಿದೆ. ಒಂದೇ ಕಡೆ ಸಿಕ್ಕಿತು, ಅದೂ ಒಂದೇ ಅಳತೆ, ದರವೂ ಜಾಸ್ತಿ. ಗನ್ ನೋಡುವ ಮೊದಲು ಅದರ ಪಿನ್ ನಿಮ್ಮ ಊರಿನಲ್ಲಿ ಸಿಗುತ್ತದಾ ಅಂತ ಕೇಳಿ ಬನ್ನಿ. ಇಲ್ಲದಿದ್ದರೆ ಕೆಲಸದ ಮಧ್ಯೆ ಪಿನ್ ಮುಗಿದು ಒಂದು ವಾರ ಪಾರ್ಸಲ್ ಕಾಯಬೇಕಾಗುತ್ತದೆ.

18 ವೋಲ್ಟಿನ ದೊಡ್ಡ ಗನ್ ಕೂಡ ನೋಡಿದೆ. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಕೈಯಲ್ಲಿ ಹಿಡಿದು ನೋಡಿದೆ. ಜೋರಿದೆ, ಸಾಗುವಾನಿಗೆ ಸಲೀಸು. ಆದರೆ ಬ್ಯಾಟರಿ ಸೇರಿ ಎರಡು ಕೆಜಿ ಮೇಲೆ ತೂಕ. ಕುರ್ಚಿ ಮಗುಚಿ, ಬಗ್ಗಿ ದಿನವಿಡೀ ಹಿಡಿಯಲು ನನ್ನ ಮಣಿಕಟ್ಟಿಗೆ ಅದು ಒಗ್ಗುವುದಿಲ್ಲ. ಬೆಲೆಯೂ ನನ್ನ ಕಂಪ್ರೆಸರ್ ಮತ್ತು ಏರ್ ಗನ್ ಎರಡೂ ಸೇರಿದ್ದಕ್ಕಿಂತ ಜಾಸ್ತಿ. ಅದೇ ಕಂಪನಿಯ ಡ್ರಿಲ್ ನಿಮ್ಮ ಹತ್ತಿರ ಈಗಾಗಲೇ ಇದ್ದು, ಬ್ಯಾಟರಿ, ಚಾರ್ಜರ್ ಅದಕ್ಕೂ ಹೊಂದುವುದಾದರೆ ಮಾತು ಬೇರೆ. ಬರೀ ಗನ್ ಕೊಂಡರೆ ಸಾಕು. ನನ್ನ ಡ್ರಿಲ್ ವೈರಿನದು.

ಕೊನೆಗೆ ಸಣ್ಣದನ್ನೇ ತಗೊಂಡೆ. ಕುರ್ಚಿ ಸೀಟಿಗೆ, ಪ್ಲೈವುಡ್ಡಿಗೆ, ಹೊರಗಿನ ಕೆಲಸಕ್ಕೆ ಮಾತ್ರ ಅಂತ ತೀರ್ಮಾನ ಮಾಡಿಕೊಂಡೇ ತಗೊಂಡೆ. ಲೆಕ್ಕ ಸರಳವಾಗಿತ್ತು. ತಿಂಗಳಿಗೆ ಆರು ದಿನ ಕಂಪ್ರೆಸರ್ ಹೊರುವುದು ತಪ್ಪಿದರೆ ಓಮ್ನಿ ಬಾಡಿಗೆ ಉಳಿಯುತ್ತದೆ, ಬೈಕಿನಲ್ಲೇ ಹೋಗಬಹುದು. ಆ ಬಾಡಿಗೆಯಲ್ಲೇ ಎರಡು ತಿಂಗಳೊಳಗೆ ಗನ್ನಿನ ದುಡ್ಡು ಬಂತು. ತಿಂಗಳಿಗೆ ಒಂದೆರಡು ಸಲ ಮನೆಯ ಕುರ್ಚಿ ಸರಿ ಮಾಡಿಕೊಳ್ಳುವವರಿಗೆ ಈ ಲೆಕ್ಕ ಕೂಡಿ ಬರುವುದಿಲ್ಲ. ಅವರಿಗೆ ಒಳ್ಳೆಯ ಕೈ ಗನ್ ಒಂದು ಇದ್ದರೆ ಧಾರಾಳ ಸಾಕು, ಸುಮ್ನೆ ಬ್ಯಾಟರಿ ಯಾಕೆ ಹಾಳು ಮಾಡಬೇಕು?

ಬ್ಯಾಟರಿ ಬಗ್ಗೆ ಒಂದು ಮಾತು. ಇಂಥ ಸಣ್ಣ ಗನ್ನುಗಳಲ್ಲಿ ಬಹಳಷ್ಟಕ್ಕೆ ಬ್ಯಾಟರಿ ಒಳಗೇ ಇರುತ್ತದೆ, ಕಳಚಿ ಬೇರೆ ಹಾಕಲು ಬರುವುದಿಲ್ಲ. ಚಾರ್ಜ್ ಮುಗಿದರೆ ಕಾಯಬೇಕು. ಹಾಗಾಗಿ ಹಿಂದಿನ ರಾತ್ರಿಯೇ ಚಾರ್ಜಿಗೆ ಹಾಕುತ್ತೇನೆ, ಕೈ ಗನ್ನನ್ನೂ ಚೀಲದಲ್ಲಿ ಇಟ್ಟುಕೊಂಡೇ ಹೋಗುತ್ತೇನೆ. ಪಿನ್ ಸಿಕ್ಕಿಹಾಕಿಕೊಂಡಾಗ ಮೊದಲು ಲಾಕ್ ಹಾಕಿ, ಆಮೇಲೆ ಮೂತಿಗೆ ಕೈ ಹಾಕಿ. ಕನ್ನಡಕ ಹಾಕದೆ ಪಿನ್ ಹೊಡೆಯಬೇಡಿ, ಕೀಳಲೂ ಬೇಡಿ. ಹಾರಿದ ಪಿನ್ ನನ್ನ ಹುಬ್ಬಿಗೆ ಒಮ್ಮೆ ಬಡಿದಿದೆ, ಒಂದು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು.

ಹೋದ ತಿಂಗಳು ವಿನೋಬನಗರದಲ್ಲಿ ಎರಡನೇ ಮಹಡಿಯ ಮನೆ, ಆರು ಕುರ್ಚಿ. ಬಾಗಿಲು ತೆಗೆದ ಹುಡುಗಿ ತುಟಿಗೆ ಬೆರಳಿಟ್ಟು, "ಅಣ್ಣ, ಪಾಪು ಈಗಷ್ಟೇ ಮಲಗಿದೆ, ನಿಮ್ಮ ಮಿಷನ್ ತುಂಬಾ ಶಬ್ದ ಮಾಡುತ್ತಾ?" ಎಂದರು. ಬಾಲ್ಕನಿಯಲ್ಲಿ ಚಾಪೆ ಹಾಸಿಕೊಂಡು, ನಡುವಿನ ಬಾಗಿಲು ಹಾಕಿ ಕೂತೆ. ಚಟ್ ಚಟ್ ಅನ್ನುವ ಸದ್ದು ಬಿಟ್ಟರೆ ಬೇರೇನಿಲ್ಲ. ಐದನೇ ಸೀಟಿನವರೆಗೂ ಪಾಪು ಎದ್ದಿರಲಿಲ್ಲ. ಕಂಪ್ರೆಸರ್ ಇದ್ದಿದ್ದರೆ ಕೆಳಗಿನ ಮನೆಯವರೂ ಮೇಲೆ ಬರುತ್ತಿದ್ದರು.

ಮೊನ್ನೆ ಹೊಸನಗರದ ಆ ತೋಟದ ಮನೆಯ ಅಮ್ಮ ಮತ್ತೆ ಫೋನ್ ಮಾಡಿದ್ದರು. ಜಗಲಿಯ ಹಳೆ ಸೋಫಾ ಆಗಬೇಕಂತೆ, ಅವರ ಮಾವನವರ ಕಾಲದ್ದು. "ಯಾವ ಮರ ಅಮ್ಮ?" ಎಂದೆ. ಮತ್ತಿ ಎಂದರು. "ಹಾಗಾದರೆ ಅಡಿಕೆ ಗಾಡಿ ಶಿವಮೊಗ್ಗಕ್ಕೆ ಬರುವಾಗ ಅದರಲ್ಲಿ ಹಾಕಿ ಕಳಿಸಿಬಿಡಿ. ಅದನ್ನು ಅಂಗಡಿಯಲ್ಲೇ ಮಾಡಬೇಕು, ಗಾಳಿಯ ಗನ್ನಿನಲ್ಲಿ" ಎಂದೆ.