ದೊಡ್ಡ ಬಸ್ಸು ಮಾರಿ ಮಿನಿ ತಂದ ಲೆಕ್ಕ

"ಮಿನಿ ಬಸ್ ಹಾಕಿದರೆ ಮೂರೇ ತಿಂಗಳಿಗೆ ಆಟೋ ಓಡಿಸ್ತೀಯ ಮಾರಾಯ" ಅಂತ ಬಸ್ ಸ್ಟ್ಯಾಂಡಿನಲ್ಲಿ ನಕ್ಕವರು ಈಗ ನನ್ನ ಗಾಡಿ ಹತ್ತಿ ಸೀಟು ಎಣಿಸಿ ಹೋಗುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶಿವಮೊಗ್ಗದ ಗೋಪಾಳ-ನವುಲೆ ಲೈನಿನಲ್ಲಿ ನನ್ನದು 42 ಸೀಟಿನ ಖಾಸಗಿ ಸಿಟಿ ಬಸ್ ಇತ್ತು. ಬೆಳಿಗ್ಗೆ ಎಂಟೂವರೆಗೆ ಎಪ್ಪತ್ತು ಜನ, ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ. ಆ ಎರಡು ಟ್ರಿಪ್ ನೋಡಿಯೇ ನಾವೆಲ್ಲ ಮರುಳಾಗೋದು. ಹನ್ನೊಂದು ಗಂಟೆಗೆ ನೋಡಿ, ಎಂಟೋ ಒಂಬತ್ತೋ ಜನ. ಅದರಲ್ಲಿ ಇಬ್ಬರು ಮೆಗ್ಗಾನ್ ಆಸ್ಪತ್ರೆಗೆ. ಅವರಿಗಾಗಿ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುವ ಗಾಡಿ ಓಡಿಸುತ್ತಿದ್ದೆ. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ ಆದ ಮೇಲಂತೂ ಮಧ್ಯಾಹ್ನ ಸೀಟಿನ ಮೇಲೆ ಬರೀ ಧೂಳು.

ಮೊದಲ ಸಲ ಎಡವಿದೆ. ನಾಲ್ಕೂವರೆ ಲಕ್ಷಕ್ಕೆ ಸಿಕ್ಕಿತು ಅಂತ ಶಾಲೆಗೆ ಓಡಿದ ಹಳೇ ಮಿನಿ ತಂದೆ. ಮಕ್ಕಳ ಗಾಡಿ ಅಲ್ವಾ, ಟಾಪ್ ತಗ್ಗು. ಕಾಲೇಜು ಹುಡುಗರು ಒಂದು ದಿನ ಕತ್ತು ಬಗ್ಗಿಸಿ ನಿಂತರು, ಮಾರನೇ ದಿನ ಹಿಂದಿನ ಬಸ್ಸಿಗೆ ಕಾದರು. ಆಷಾಢದ ಮಳೆಗೆ ಟಾಪ್ ಸೋರಿ, ಒಬ್ಬರು ಅಜ್ಜಿ ಒಳಗೇ ಕೊಡೆ ಬಿಚ್ಚಿದರು. ಆರು ತಿಂಗಳಿಗೆ ಮಾರಿದೆ. ಒಂದೂಕಾಲು ಲಕ್ಷ ಕೈ ಬಿಟ್ಟಿತು.

ಎರಡನೆಯದು ನಿಲ್ಲುವಷ್ಟು ಎತ್ತರದ್ದು, 26 ಸೀಟು. ಒಂದು ಬದಿಯ ಸಾಲಿನಲ್ಲಿ ಜೋಡಿ ಸೀಟು ತೆಗೆಸಿ ಒಂಟಿ ಸೀಟು ಹಾಕಿಸಿದೆ, ಗಾಡಿಯ ನೋಂದಣಿ ಪತ್ರಕ್ಕೂ (ಆರ್‌ಸಿ) ಏರಿಸಿದೆ. ಐದು ಸೀಟು ಹೋಯಿತು. ಆದರೆ ಎರಡು ಕಿಲೋಮೀಟರ್ ಹೋಗುವವನಿಗೆ ಸೀಟು ಯಾಕೆ? ಕಂಬಿ ಸಿಕ್ಕರೆ ಸಾಕು.

ದಿನಕ್ಕೆ 160 ಕಿಲೋಮೀಟರ್. ದೊಡ್ಡದು 40 ಲೀಟರ್ ಕುಡಿಯುತ್ತಿತ್ತು, ಇದು 23ರ ಆಸುಪಾಸು. ಡೀಸೆಲ್ 88-89 ಇದ್ದಾಗ ಅಲ್ಲೇ ಸಾವಿರದ ಐನೂರು ಉಳಿಯಿತು. ಹಿಂದಿನ ಬಾಗಿಲಿಲ್ಲ, ಹಾಗಾಗಿ ಕ್ಲೀನರ್‌ಗೆ ಕೊಡುವ ದಿನದ ಭತ್ಯೆ 400 ಇಲ್ಲ. ಕಲೆಕ್ಷನ್ ಏಳೂವರೆ ಸಾವಿರದಿಂದ 6,800ಕ್ಕೆ ಇಳಿಯಿತು, ನಿಜ. ಆದರೂ ಕೈಗೆ ಸಾವಿರದ ಇನ್ನೂರು ಜಾಸ್ತಿ. ಟೈರಿನ ಉಳಿತಾಯ ಬೇರೆ.

ಮಧ್ಯೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಒದ್ದೆ ಕೊಡೆಗೆ ಅಂತ ಬಾಗಿಲ ಹತ್ತಿರ ಬಕೆಟ್ ಇಟ್ಟೆ. ನೆಲ ಒಣಗಿತು, ಜನ ಕೊಡೆ ಮರೆತು ಇಳಿದರು. ಮನೆಯಲ್ಲಿ ಈಗ ಹನ್ನೊಂದು ಕೊಡೆ ಇವೆ.

ಎಂಟೂವರೆ ರಶ್ ಹೇಗೆ ಎಳೀತೀಯ ಅಂತ ಎಲ್ಲರೂ ಕೇಳುತ್ತಾರೆ. ಟೈಮಿಂಗ್‌ನಲ್ಲಿ ಒಂದು ಕೈಚಳಕ ಇದೆ. ಹೇಳಲ್ಲ, ನನ್ನ ಹಿಂದಿನ ಗಾಡಿಯವರೂ ಇದನ್ನು ಓದುತ್ತಾರೆ.