ಒಂಟಿ ಗಾಳ, ಎರಡು ಮೆಕ್ಕೆಜೋಳದ ಕಾಳು: ಕೆರೆ ಗೆಂಡೆ ಹಿಡಿಸಿದ ನನ್ನ ಅನುಭವ

ಡಿಸೆಂಬರ್ ಕೊನೆಯ ವಾರ ಪೂರ್ತಿ ಕೆರೆ ಏರಿಯ ಮೇಲೇ ಕಳೆಯಿತು. ಗಾಳ ಹಾಕಲು ದುಡ್ಡು ಕೊಟ್ಟು ಬರುವವರಿಗೆ ಮೀನು ಹಿಡಿಸುವುದು ನನ್ನ ಕೆಲಸ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು, ಮೈಸೂರಿನ ಅಪ್ಪ ಮಗಳು, ಮಂಡ್ಯದ ನಿವೃತ್ತ ಬ್ಯಾಂಕ್ ಸಾಹೇಬರು, ಇಂಗ್ಲೆಂಡಿನಿಂದ ರಜೆಗೆ ಬಂದಿದ್ದ ಹಾಸನದವರೊಬ್ಬರು, ಹೀಗೆ ದಿನಾ ಮೂರು ನಾಲ್ಕು ರಾಡು (ಗಾಳದ ಕೋಲು). ಒಂದು ದಿನ ಬಿಟ್ಟರೆ ಎಲ್ಲ ದಿನವೂ ಗೆಂಡೆ (ಕಾಮನ್ ಕಾರ್ಪ್) ಬಿತ್ತು. ಬಿದ್ದದ್ದೆಲ್ಲ ಗಟ್ಟಿಮುಟ್ಟಾಗಿ ವಾಪಸ್ ನೀರಿಗೆ ಹೋಯಿತು. ಅದೂ ಒಂಟಿ ಗಾಳದಲ್ಲಿ, ಮೇವನ್ನು ಗಾಳಕ್ಕೆ ಚುಚ್ಚದೆ ಪಕ್ಕದ ಕೂದಲಿನಂಥ ದಾರಕ್ಕೆ (ಹೇರ್) ಪೋಣಿಸುವ ಹೇರ್ ರಿಗ್‌ನಲ್ಲಿ. ಮದ್ದೂರು ಕಡೆಯ ಕೆರೆಗಳಲ್ಲಿ ಇದು ನಡೆಯುವುದೇ ಇಲ್ಲ ಅಂತ ವರ್ಷಗಟ್ಟಲೆ ಹೇಳಿದವರು ಈಗ ಫೋನ್ ಮಾಡಿ "ಅದೇನ್ ಹಾಕ್ತಿದ್ದೀಯಪ್ಪಾ?" ಅಂತ ಕೇಳುತ್ತಿದ್ದಾರೆ. ಎಲ್ಲರಿಗೂ ಒಂದೇ ಸಲ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ನಮ್ಮ ಕಡೆ ಜಾಸ್ತಿ ಜನ ಹಾಕುವುದು ಸ್ಪ್ರಿಂಗ್. ಸುತ್ತ ಐದಾರು ಗಾಳ, ನಡುವೆ ಕಡಲೆಕಾಯಿ ಹಿಂಡಿ, ಬೂಸಾ, ಬ್ರೆಡ್ಡು, ಸೋಂಪಿನ ಪುಡಿ ಕಲಸಿದ ಉಂಡೆ. ಮೀನು ಬೀಳುತ್ತೆ, ಇಲ್ಲ ಅನ್ನಲ್ಲ. ನಾನೂ ಅದರಲ್ಲೇ ಕಲಿತವನು. ಆದರೆ ಬಿದ್ದ ಮೀನನ್ನು ಸರಿಯಾಗಿ ನೋಡಿ. ಒಂದು ಗಾಳ ಬಾಯಲ್ಲಿ, ಇನ್ನೊಂದು ಕಣ್ಣಿನ ಹತ್ತಿರ, ಮತ್ತೊಂದು ಹೊಟ್ಟೆಗೆ ಸಿಕ್ಕಿಕೊಂಡಿರುತ್ತೆ. ಮನೆಗೆ ತಗೊಂಡು ಹೋಗಿ ಸಾರು ಮಾಡುವವರಿಗೆ ಪರವಾಗಿಲ್ಲ. ವಾಪಸ್ ಬಿಡುವವರಿಗೆ ಇದು ಆಗುವ ಕೆಲಸವಲ್ಲ. ಹಾಗೆ ಬಿಟ್ಟ ಮೀನು ಎರಡು ಮೂರು ದಿನಕ್ಕೆ ತೂಬಿನ ಪಕ್ಕ ತೇಲುತ್ತಿತ್ತು. ಕೆರೆ ಗುತ್ತಿಗೆ ಹಿಡಿದಿರುವ ಗೌಡರು ಒಂದು ಬೆಳಿಗ್ಗೆ ಹಾಗೆ ತೇಲಿದ 4 ಕೆ.ಜಿ. ಗೆಂಡೆಯನ್ನು ಎತ್ತಿ ತಂದು ನನ್ನ ಮುಂದೆ ಇಟ್ಟು, "ಇದರ ದುಡ್ಡು ಯಾರ್ ಕೊಡ್ತಾರೆ ಹೇಳು" ಅಂದರು. ಕೊಟ್ಟೆ. ಅವತ್ತೇ ಸ್ಪ್ರಿಂಗ್ ಕೈಬಿಟ್ಟೆ.

ಹೇರ್ ರಿಗ್ ಇಂಗ್ಲೆಂಡಿನವರದು ಅಂತ ನಿಮಗೆಲ್ಲ ಗೊತ್ತೇ ಇದೆ. 1970ರ ದಶಕದ ಕೊನೆಯ ಹೊತ್ತಿಗೆ ಲೆನ್ನಿ ಮಿಡಲ್‌ಟನ್, ಕೆವಿನ್ ಮ್ಯಾಡಕ್ಸ್ ಅನ್ನುವವರು ಮಾಡಿದ್ದು. ನಮ್ಮ ಊರಲ್ಲೊಬ್ಬರು ಹಿರಿಯರಿದ್ದಾರೆ, ಒಂದು ಕಾಲಕ್ಕೆ ಭೀಮೇಶ್ವರಿ ಕಡೆ ಕಾವೇರಿಯಲ್ಲಿ ವಿದೇಶಿಯರಿಗೆ ಮಹಶೀರ್ ಹಿಡಿಸಿದವರು, ಕಾವೇರಿ ವನ್ಯಜೀವಿ ಧಾಮದಲ್ಲಿ ಗಾಳ ನಿಂತ ಮೇಲೆ ಊರಿಗೆ ವಾಪಸ್ ಬಂದವರು. ಗಾಳಕ್ಕೆ ಹಾಕುವ ರಾಗಿ ಉಂಡೆ ಹದವಾಗಿ ಬೇಯಿಸುವುದರಲ್ಲಿ ಅವರಿಗೆ ಸಮ ಯಾರೂ ಇಲ್ಲ. ಅವರು ನನ್ನ ರಿಗ್ ಕೈಲಿ ಹಿಡಿದು ನೋಡಿ, "ಲೇ ಮಗ, ಗಾಳ ಬರಿದು ಬುಟ್ಟು ಕಾಳ ಪಕ್ಕದಲ್ಲಿ ನೇತಾಕಿದ್ದೀಯಲ್ಲ, ಮೀನೇನು ಬಂದು ಗಾಳನೇ ಕಚ್ತದಾ?" ಅಂದರು. "ಕಚ್ಚೋದು ಬ್ಯಾಡ ಅಣ್ಣ, ಉಗುದ್ರೆ ಸಾಕು" ಅಂದೆ. ಅವರು ನಂಬಲಿಲ್ಲ.

ನಿಜಕ್ಕೂ ಅಷ್ಟೇ. ಗೆಂಡೆಗೆ ಬಾಯಿ ಮುಂದೆ ಹಲ್ಲಿಲ್ಲ, ಇರುವುದು ಗಂಟಲಲ್ಲಿ. ನೆಲದ ಮೇಲಿರುವುದನ್ನೆಲ್ಲ ಒಳಕ್ಕೆ ಎಳೆದುಕೊಂಡು, ಅನುಮಾನ ಬಂದರೆ ಆಚೆಗೆ ಉಗಿಯುತ್ತೆ. ಉಗಿಯುವಾಗ ಕಾಳು ಮೊದಲು ಹೊರಗೆ ಬರುತ್ತೆ, ಹಿಂದೆ ಬರುವ ಬರಿಗಾಳ ಕೆಳದುಟಿಗೆ ಚುಚ್ಚುತ್ತೆ. ಗಾಬರಿಯಿಂದ ಓಡಿದರೆ ಸೀಸದ ಭಾರಕ್ಕೆ ಇನ್ನಷ್ಟು ಒಳಗೆ ಹೋಗುತ್ತೆ. ನೀವು ರಾಡು ಎಳೆದು ಹೊಡೆಯುವ ಅಗತ್ಯವೇ ಇಲ್ಲ. ಹೊಸಬರಿಗೆ ಹಿಡಿಸಲು ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಅಂತ ನಾನು ಹಟ ಹಿಡಿದದ್ದು ಅದಕ್ಕೇ.

ಮೊದಲ ಸೀಸನ್ ಮಾತ್ರ ಕಷ್ಟದ್ದು. ಕಾಟ ಕೊಟ್ಟದ್ದು ಜಿಲೇಬಿ ಮೀನು (ತಿಲಾಪಿಯಾ). ಮೆತ್ತಗಿನದು ಏನು ಹಾಕಿದರೂ ಐದು ನಿಮಿಷದಲ್ಲಿ ಖಾಲಿ. ರಾಗಿ ಉಂಡೆ ಹೇರ್‌ಗೆ ಪೋಣಿಸಿದರೆ ನೀರಿಗೆ ಬಿದ್ದ ಏಟಿಗೇ ಒಡೆಯುತ್ತಿತ್ತು, ಒಡೆಯದೆ ಉಳಿದದ್ದನ್ನು ಜಿಲೇಬಿ ಕೆರೆದು ತಿನ್ನುತ್ತಿತ್ತು. ಅಗ್ಗದ ಗಾಳ ತಂದರೆ 5 ಕೆ.ಜಿ. ಮೀನಿಗೆ ನೆಟ್ಟಗಾಗುತ್ತಿತ್ತು. ಒಳ್ಳೆ ಗಾಳ ಹತ್ತರ ಪ್ಯಾಕೆಟ್ಟಿಗೆ ಹತ್ತಿರ ಹತ್ತಿರ 400 ರೂಪಾಯಿ. ಆಮೇಲೆ ಜಾಲಿ ಬೊಡ್ಡೆ. ನಮ್ಮ ಕಡೆ ಕೆರೆ ಅಂಗಳದಲ್ಲಿ ನೆಟ್ಟ ಕರಿಜಾಲಿ ಕಡಿದ ಮೇಲೆ ಬೊಡ್ಡೆ ಹಾಗೇ ಉಳಿದಿರುತ್ತಲ್ವಾ, ಮೀನು ಸೀದಾ ಅಲ್ಲಿಗೇ ನುಗ್ಗುತ್ತೆ. ಲೈನು, ಸೀಸ, ರಿಗ್ ಎಲ್ಲ ಅಲ್ಲೇ. ಆ ಸೀಸನ್‌ನಲ್ಲಿ ರಾಡು ರೀಲು ಬಿಟ್ಟು ಬರೀ ಸಣ್ಣಪುಟ್ಟ ಸಾಮಾನಿಗೇ ಸುಮಾರು 15 ಸಾವಿರ ಹೋಗಿದೆ. ಹಿಡಿದ ಗೆಂಡೆ ಕೈಬೆರಳಲ್ಲಿ ಎಣಿಸುವಷ್ಟು. ಪಕ್ಕದಲ್ಲಿ ಸ್ಪ್ರಿಂಗ್ ಹಾಕಿದವರು ಚೀಲ ತುಂಬಿಸಿಕೊಂಡು ಹೋಗುತ್ತಿದ್ದರು.

ದಾರಿ ತೋರಿಸಿದ್ದು ಮೆಕ್ಕೆಜೋಳ. ಡಬ್ಬಿಯ ಸ್ವೀಟ್ ಕಾರ್ನ್ ಅಲ್ಲ, ಅದು ಜಿಲೇಬಿಗೆ ಹಬ್ಬ. ಕೋಳಿಗೆ ಹಾಕುವ ಒಣ ಮೆಕ್ಕೆಜೋಳ, ಕೆ.ಜಿ.ಗೆ 25, 30 ರೂಪಾಯಿ. ಒಂದು ಹಗಲು ಒಂದು ರಾತ್ರಿ ನೆನೆಸಬೇಕು. ಆಮೇಲೆ ಮುಕ್ಕಾಲು ಗಂಟೆ ಬೇಯಿಸಬೇಕು, ಕಾಳು ಒಂದೆರಡು ಒಡೆಯಲು ಶುರುವಾಗುವವರೆಗೆ. ನೆನೆಸದೆ ಬೇಯಿಸದೆ ಚೆಲ್ಲಬೇಡಿ, ಒಣ ಕಾಳು ಮೀನಿನ ಹೊಟ್ಟೆಯಲ್ಲಿ ಊದಿಕೊಂಡರೆ ಮೀನಿಗೇ ತೊಂದರೆ. ಬೆಂದ ನೀರು ಬಸಿಯದೆ ಮುಚ್ಚಳ ಮುಚ್ಚಿ ಎರಡು ಮೂರು ದಿನ ಇಟ್ಟರೆ ಹುಳಿ ಬಂದು ನೀರು ಲೋಳೆಯಾಗುತ್ತೆ. ಆ ಲೋಳೆಯೇ ಮುಖ್ಯ. ಆ ನೀರಿಗೆ ನಾನು ಇನ್ನೊಂದು ಸೊಪ್ಪಿನ ಪುಡಿ ಹಾಕುತ್ತೇನೆ, ಅಂಗಡಿಯಲ್ಲಿ ಸಿಗುವಂಥದ್ದೇ. ಅದನ್ನು ಇಲ್ಲಿ ಹೇಳುವುದಿಲ್ಲ, ಮೂರು ಸೀಸನ್ ದುಡ್ಡು ಸುರಿದು ಕಂಡುಕೊಂಡದ್ದು ಅದು.

ಗಾಳ 6ನೇ ನಂಬರ್, ತುದಿಯ ಹಿಂಮುಳ್ಳು (ಬಾರ್ಬ್) ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದ್ದು. ಹೇರ್‌ಗೆ ಎರಡು ಕಾಳು. ಕಾಳಿಗೂ ಗಾಳದ ಬಾಗಿಗೂ ನಡುವೆ ಒಂದು ಕಡಲೆಬೇಳೆ ಹಿಡಿಯುವಷ್ಟು ಜಾಗ. ಇದಕ್ಕಿಂತ ಹತ್ತಿರವಿದ್ದರೆ ಗಾಳ ತಿರುಗುವುದಿಲ್ಲ, ದೂರವಾದರೆ ಮೀನು ಬರೀ ಕಾಳು ಉಗಿದು ಹೋಗುತ್ತೆ. ಗಾಳದ ದಾರ ಗೇಣಿಗಿಂತ ಸ್ವಲ್ಪ ಕಮ್ಮಿ, ಹೆಣೆದ ದಾರವೇ ಆಗಬೇಕು. ಸೀಸ 70 ಗ್ರಾಂ ಆಸುಪಾಸು. ಲೈನು ತುಂಡಾದರೆ ಸೀಸ ಕಳಚಿ ಬೀಳುವ ಹಾಗೆ ಕಟ್ಟಿ, ಇಲ್ಲಾಂದ್ರೆ ಪಾಪದ ಮೀನು ಅದನ್ನು ಹೊತ್ತುಕೊಂಡು ತಿರುಗುತ್ತೆ. ಮೀನು ಎಳೆದರೆ ಕೂಗುವ ಅಲಾರಂಗೆ ದುಡ್ಡು ಹಾಕಬೇಡಿ. ದನದ ಕುತ್ತಿಗೆಗೆ ಕಟ್ಟುವ ಸಣ್ಣ ಗೆಜ್ಜೆ ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ ರಾಡಿನ ತುದಿಗೆ ಹಾಕಿದರೆ 20 ರೂಪಾಯಿಯಲ್ಲಿ ಮುಗಿಯಿತು.

ಇನ್ನು ಮೇವು. ಜನ ಬರುವ ಎರಡು ದಿನ ಮುಂಚೆಯಿಂದ ಸಂಜೆ ಹೊತ್ತು ಒಂದೇ ಜಾಗಕ್ಕೆ ಎರಡು ಸೇರು ಜೋಳ ಎರಚುತ್ತೇನೆ. ಗಾಳ ಹಾಕುವ ದಿನ ಬರೀ ಒಂದೊಂದು ಹಿಡಿ. ಜಾಸ್ತಿ ಹಾಕಿದರೆ ಹೊಟ್ಟೆ ತುಂಬಿದ ಮೀನು ನಿಮ್ಮ ಎರಡು ಕಾಳಿಗೆ ಯಾಕೆ ಬರುತ್ತೆ? ಜಾಗದ ವಿಚಾರಕ್ಕೆ ಬಂದರೆ, ಚಳಿಗಾಲದಲ್ಲಿ ನಮ್ಮ ಕೆರೆ ಮೇಲೆ ಮೂಡಲ ಗಾಳಿ. ಗಾಳಿ ಹೋಗಿ ಬಡಿಯುವ ದಡ ನೋಡಿಕೊಳ್ಳಿ, ಜೊಂಡು ಮುಗಿಯುವ ಅಂಚಿಗೆ ಹಾಕಿ. ಉಳಿದದ್ದು ನಿಮ್ಮ ನಿಮ್ಮ ಕೆರೆ ನೋಡಿ ನೀವೇ ತಿಳಿದುಕೊಳ್ಳಬೇಕು.

ಆ ವಾರದ ಮಾತಿಗೆ ಬರುತ್ತೇನೆ. ಶುರುವಿನ ಎರಡು ದಿನ ಸಾಫ್ಟ್‌ವೇರ್ ಹುಡುಗರು. ಬೆಳಿಗ್ಗೆ ಐದೂವರೆಗೇ ಬಂದು ಕೂತರು. ಒಂಬತ್ತಾದರೂ ಗೆಜ್ಜೆ ಅಲುಗಲಿಲ್ಲ, ಮುಖ ಸಪ್ಪಗಾಯಿತು. ಡಿಸೆಂಬರ್‌ನಲ್ಲಿ ಬಿಸಿಲು ಏರುವವರೆಗೆ ಗೆಂಡೆ ಅಲ್ಲಾಡುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಹತ್ತೂವರೆಗೆ ದಡದ ನೀರು ಸ್ವಲ್ಪ ಕಾದ ಮೇಲೆ ಶುರುವಾಯಿತು, ಮಧ್ಯಾಹ್ನದ ಊಟಕ್ಕೆ ಬಿಡುವಿಲ್ಲ. 2, 3 ಕೆ.ಜಿ.ಯವು, ಒಂದು 6ರ ಹತ್ತಿರ. ಮೋಡ ಕವಿದ ದಿನ ಮಾತ್ರ ಏನೂ ಇಲ್ಲ. ಅವತ್ತು ಬಂದಿದ್ದ ಬ್ಯಾಂಕ್ ಸಾಹೇಬರಿಂದ ಅರ್ಧ ದುಡ್ಡಷ್ಟೇ ತೆಗೆದುಕೊಂಡೆ, ಅವರು ಮಾರನೆಯ ದಿನ ತಾವಾಗಿಯೇ ಮತ್ತೆ ಬಂದು ಎರಡು ಹಿಡಿದರು.

ಮೈಸೂರಿನ ಹುಡುಗಿಗೆ ಹತ್ತೋ ಹನ್ನೊಂದೋ ವಯಸ್ಸು. ಅವಳ ರಾಡಿಗೆ ಬಿದ್ದದ್ದು ವಾರದ ದೊಡ್ಡ ಮೀನು. ಗೆಜ್ಜೆ ಕಿತ್ತುಕೊಂಡು ನೀರಿಗೆ ಹಾರಿತು, ರೀಲು ಕೂಗಿತು, ಮೀನು ಸೀದಾ ಬೊಡ್ಡೆ ಕಡೆಗೆ. ಅಪ್ಪ ರಾಡು ಕಿತ್ತುಕೊಳ್ಳಲು ಬಂದರು, ನಾನು ಬಿಡಲಿಲ್ಲ. "ಪುಟ್ಟಾ, ರಾಡು ಎಡಕ್ಕೆ ಮಲಗಿಸು, ಮೇಲಕ್ಕೆ ಎತ್ತಬೇಡ" ಅಂದೆ. ಪಕ್ಕಕ್ಕೆ ಎಳೆದರೆ ಮೀನಿನ ತಲೆ ತಿರುಗುತ್ತೆ, ಮೇಲಕ್ಕೆ ಎತ್ತಿದರೆ ಬೊಡ್ಡೆಗೇ ಹೋಗುತ್ತೆ. ಇಪ್ಪತ್ತು ನಿಮಿಷವಾದರೂ ಆಡಿಸಿರಬೇಕು. ಕೈಬಲೆಯಲ್ಲಿ ಎತ್ತಿ, ಒದ್ದೆ ಗೋಣಿಚೀಲದ ಮೇಲೆ ಮಲಗಿಸಿದಾಗ 9 ಕೆ.ಜಿ.ಗೆ ಒಂದಿಷ್ಟು ಕಮ್ಮಿ. ಬಾಯಿ ಬಿಡಿಸಿ ತೋರಿಸಿದೆ. ಕೆಳದುಟಿಯ ನಟ್ಟನಡುವೆ ಗಾಳ, ಕಾಳು ಎರಡೂ ಹಾಗೇ ಆಚೆ ನೇತಾಡುತ್ತಿವೆ, ಒಂದು ಹನಿ ರಕ್ತವಿಲ್ಲ. ಬೆರಳಲ್ಲಿ ಒತ್ತಿದರೆ ಕಳಚಿ ಬಂತು. ಭೀಮೇಶ್ವರಿ ಅಣ್ಣನೂ ಅಲ್ಲೇ ನಿಂತಿದ್ದರು. ಆ ತುಟಿಯನ್ನು ಎರಡು ಸಲ ಮುಟ್ಟಿ ನೋಡಿ, "ನಂಗೂ ಒಂದು ಕಟ್ಕೊಡು ಕಣ್ಲಾ" ಅಂದರು. ನನಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿಲ್ಲ.

ಇಂಗ್ಲೆಂಡಿನಿಂದ ಬಂದವರು ಪೈನಾಪಲ್ ವಾಸನೆಯ ಬಾಯ್ಲಿ (ಹಿಟ್ಟು ಕಲಸಿ ಬೇಯಿಸಿದ ಗಟ್ಟಿ ಉಂಡೆ) ತಂದಿದ್ದರು. ಅಲ್ಲಿ ಅದಿಲ್ಲದೆ ಗೆಂಡೆ ಹಿಡಿಯುವುದೇ ಕಷ್ಟವಂತೆ. ಇಲ್ಲಿ ಒಂದು ದಿನ ಪೂರ್ತಿ ಹಾಕಿದರು, ಒಂದು ಆಮೆ ಬಿಟ್ಟು ಏನೂ ಮುಟ್ಟಲಿಲ್ಲ. ಮೀನು ಅಲ್ಲಿಯದೂ ಒಂದೇ, ಇಲ್ಲಿಯದೂ ಒಂದೇ. ಗೆಂಡೆ ನಮ್ಮ ದೇಶದ ಮೀನಲ್ಲ, 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ, ಆಮೇಲೆ 1957ರಲ್ಲಿ ಬ್ಯಾಂಕಾಕಿನಿಂದ ತಂದು ಬಿಟ್ಟದ್ದು. ಆದರೆ ತಿಂದು ಅಭ್ಯಾಸ ಇರಬೇಕಲ್ವಾ? ಅವರ ಬಾಯ್ಲಿ ನೋಡಿ ನನಗೊಂದು ಯೋಚನೆ ಬಂತು. ಅವತ್ತೇ ರಾತ್ರಿ ರಾಗಿ ಹಿಟ್ಟು, ಪುಡಿ ಮಾಡಿದ ಹಿಂಡಿ ಸಮಸಮ ಕಲಸಿ, ಮೊಟ್ಟೆ ಒಡೆದು ಹಾಕಿ, ನೀರು ಮುಟ್ಟಿಸದೆ ಗಟ್ಟಿಯಾಗಿ ನಾದಿ, ಗೋಲಿಗಿಂತ ಸಣ್ಣ ಉಂಡೆ ಮಾಡಿ ಕುದಿಯುವ ನೀರಲ್ಲಿ ಎರಡು ನಿಮಿಷ ಬೇಯಿಸಿ ಆರಲು ಬಿಟ್ಟೆ. ಬೆಳಿಗ್ಗೆಗೆ ಕಲ್ಲಿನಂತಾಗಿತ್ತು. ಜಿಲೇಬಿ ಎಷ್ಟು ಕುಟ್ಟಿದರೂ ಹೇರ್ ಬಿಟ್ಟು ಹೋಗಲಿಲ್ಲ. ಅದರಲ್ಲಿ ಅವರಿಗೆ ಮೂರು ಬಿತ್ತು. ಮೊಟ್ಟೆ ಎಷ್ಟು ಹಾಕಬೇಕು ಅನ್ನುವುದು ಇನ್ನೂ ಹದಕ್ಕೆ ಬಂದಿಲ್ಲ, ಬಂದ ಮೇಲೆ ಬರೆಯುತ್ತೇನೆ.

ಕಾಟ್ಲಾ ಮೀನು ಹಿಡಿಯುವುದು ಹೇಗೆ ಅಂತ ಕೇಳುವವರಿಗೆ ಒಂದು ಮಾತು. ಅದರ ಬಾಯಿ ಮೇಲಕ್ಕೆ ತಿರುಗಿದೆ, ಮೇಲಿನ ನೀರಲ್ಲಿ ತಿನ್ನುವ ಮೀನು. ನೆಲದ ಮೇಲಿನ ಜೋಳಕ್ಕೆ ಸುಮ್ನೆ ಕಾಯಬೇಡಿ. ಅದಕ್ಕೆ ಬೆಂಡು, ನುಣ್ಣಗಿನ ಪುಡಿ, ಬೇರೆಯದೇ ಲೆಕ್ಕ.

ದುಡ್ಡಿನ ವಿಚಾರ. ಒಂದು ರಾಡಿಗೆ ದಿನಕ್ಕೆ 1500 ತೆಗೆದುಕೊಳ್ಳುತ್ತೇನೆ, ಅದರಲ್ಲಿ 600 ಗೌಡರಿಗೆ. ಮಧ್ಯಾಹ್ನದ ಮುದ್ದೆ, ಸೊಪ್ಪಿನ ಸಾರು ನಮ್ಮ ಮನೆಯದು. ವಾರಕ್ಕೆ ಜೋಳ, ರಾಗಿ, ಹಿಂಡಿ ಎಲ್ಲ ಸೇರಿ 1200 ದಾಟಲಿಲ್ಲ. ಗಾಳ, ಸೀಸ ಇನ್ನೊಂದೆರಡು ಸಾವಿರ. ಕೈಗೆ ಉಳಿದದ್ದು ಹತ್ತಿರ ಹತ್ತಿರ 15 ಸಾವಿರ. ಗೌಡರಿಗೆ ಶುರುವಿನಲ್ಲಿ ಒಪ್ಪಿಸಲು ಸಾಕುಸಾಕಾಗಿತ್ತು. "ಕೆರೆ ಹರಾಜಿಗೆ ಕಟ್ಟಿರೋದು ಮೀನು ಮಾರಕ್ಕೆ, ಮುದ್ದಾಡಕ್ಕಲ್ಲ" ಅನ್ನುತ್ತಿದ್ದರು. ನಾನು ಲೆಕ್ಕ ಹಾಕಿ ತೋರಿಸಿದೆ. 6 ಕೆ.ಜಿ. ಗೆಂಡೆ ದಡದ ರೇಟಿಗೆ ಮಾರಿದರೆ 700, 800 ರೂಪಾಯಿ, ಒಂದೇ ಸಲ. ಅದೇ ಮೀನು ನೀರಲ್ಲಿದ್ದರೆ ಅದನ್ನು ಹಿಡಿಯುವ ಆಸೆಗೆ ಜನ ತಿಂಗಳು ತಿಂಗಳು ದುಡ್ಡು ಕೊಟ್ಟು ಬರುತ್ತಾರೆ. ಈ ಬೇಸಿಗೆ ಬಲೆ ಎಳೆಯುವಾಗ 5 ಕೆ.ಜಿ. ಮೇಲಿನ ಗೆಂಡೆಯನ್ನು ವಾಪಸ್ ಬಿಡಲು ಈಗ ಒಪ್ಪಿದ್ದಾರೆ. ಒಂದು ರಾಡಿಗೆ ತಮ್ಮ ಪಾಲು 700 ಮಾಡು ಅಂತಲೂ ಕೇಳಿದ್ದಾರೆ, ಕೊಡುತ್ತೇನೆ.

ಫೆಬ್ರವರಿ ಕೊನೆಯವರೆಗೆ ಶನಿವಾರ ಭಾನುವಾರ ಹೆಚ್ಚುಕಮ್ಮಿ ತುಂಬಿದೆ, ವಾರದ ನಡುವೆ ಜಾಗವಿದೆ. ಮಾರ್ಚ್ ಮೇಲೆ ನೀರು ಇಳಿದು ಬಿಸಿಯಾದರೆ ನಾನು ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ಬಿಸಿ ನೀರಲ್ಲಿ ಆಡಿಸಿದ ದೊಡ್ಡ ಮೀನು ಬಿಟ್ಟರೂ ಸುಧಾರಿಸಿಕೊಳ್ಳುವುದು ಕಷ್ಟ.